ಎಲ್ಲರದೂ ಸ್ವಲ್ಪ ಸ್ವಲ್ಪ

ನಮ್ಮ ಕಚೇರಿಯ ಮುಖ್ಯಸ್ಥರನ್ನು ನಾವು ಬೆನ್ನ ಹಿಂದೆ ಸರಾಸರಿ ಸಾಹೇಬರು ಎನ್ನುತ್ತೇವೆ. ಎದುರಿಗೇ ಅಂದರೂ ಅವರು ಬೇಸರಿಸಿಕೊಳ್ಳುವವರಲ್ಲ, ಹೊಗಳಿದರೆಂದೇ ತಿಳಿದುಕೊಂಡಾರು. ಪಟ್ಟಣದ ಮಣ್ಣಿಗೂ ನೆಲದಡಿಯ ನೀರಿಗೂ ಯಾವ ಕೊಳೆ ಸೇರಿದೆ, ಎಲ್ಲಿಂದ ಸೇರಿದೆ ಎಂದು ಪತ್ತೆ ಮಾಡುವುದು ನಮ್ಮ ಕಚೇರಿಯ ಕೆಲಸ. ಪತ್ತೆಯಾಗದಂತೆ ನೋಡಿಕೊಳ್ಳುವುದು ಸಾಹೇಬರ ಕೆಲಸ. ಇಬ್ಬರೂ ನಮ್ಮ ನಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದೇವೆ.

ನಾನು ನಕ್ಷೆ ಮಾಡುವವಳು. ಬಾವಿಗಳಿಂದ ನೀರು ತರಿಸುತ್ತೇವೆ, ಲ್ಯಾಬಿನವರು ಅಂಕಿ ಕೊಡುತ್ತಾರೆ, ಆ ಅಂಕಿಗಳನ್ನು ನಾನು ನಕ್ಷೆಯ ಮೇಲೆ ಕೂರಿಸುತ್ತೇನೆ. ಬಾವಿ ಇಲ್ಲದ ಕಡೆ ಏನಿರಬಹುದು ಎಂದು ಕಂಪ್ಯೂಟರು ಸುತ್ತಲಿನ ಬಾವಿಗಳನ್ನು ನೋಡಿ ಊಹಿಸಿ ಬಣ್ಣ ತುಂಬುತ್ತದೆ. ಎಷ್ಟು ದೂರದ ಬಾವಿಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಮಾತ್ರ ನಾವು ಹೇಳಿಕೊಡಬೇಕು. ಹತ್ತಿರದವನ್ನಷ್ಟೇ ಹಿಡಿದರೆ ಕೆಂಪು ಇದ್ದಲ್ಲಿ ಕೆಂಪಾಗಿಯೇ ಇರುತ್ತದೆ. ದೂರವನ್ನು ಹಿಗ್ಗಿಸುತ್ತ ಹೋದರೆ ಕೆಂಪು ಕಿತ್ತಳೆಯಾಗುತ್ತದೆ, ಕಿತ್ತಳೆ ತಿಳಿಹಳದಿಯಾಗುತ್ತದೆ, ಕೊನೆಗೆ ಊರಿಗೆ ಊರೇ ಕಾಮಾಲೆ ಬಂದವರ ಹಾಗೆ ಹಳದಿಯಾಗಿ ಕೂತಿರುತ್ತದೆ. ಸಾಹೇಬರಿಗೆ ಹಳದಿ ಎಂದರೆ ಪ್ರಾಣ.

ಯಾಕೆಂದರೆ ಹಳದಿ ನಕ್ಷೆಗೆ ನಮ್ಮ ನಿಯಮಗಳಲ್ಲಿ ಒಂದು ಹೆಸರಿದೆ: ಹರಡಿದ ಮಾಲಿನ್ಯ. ಕೊಳೆ ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಬಂದಿದೆ, ಆದ್ದರಿಂದ ಯಾರನ್ನೂ ಹಿಡಿದು ಸ್ವಚ್ಛ ಮಾಡು ಎನ್ನುವಂತಿಲ್ಲ ಎಂದು ಅದರ ಅರ್ಥ. ಅಂಥ ಮಾಲಿನ್ಯ ಇಲ್ಲವೆಂದು ನಾನು ಹೇಳುವುದಿಲ್ಲ. ಹೊಲಕ್ಕೆ ಸುರಿದ ಗೊಬ್ಬರ, ರಸ್ತೆಯಲ್ಲಿ ತೊಟ್ಟಿಕ್ಕಿದ ಎಣ್ಣೆ, ಚಿಮಣಿಗಳ ಬೂದಿ, ಇವಕ್ಕೆಲ್ಲ ಒಬ್ಬ ಯಜಮಾನ ಇರುವುದಿಲ್ಲ. ಆದರೆ ಸಾಹೇಬರ ಕೈಗೆ ಸಿಕ್ಕಮೇಲೆ ಆ ಮಾತು ಕಂಡಕಂಡದ್ದರ ಮೇಲೆಲ್ಲ ಎಳೆಯುವ ಚಾದರವಾಗಿಬಿಟ್ಟಿದೆ. ಮೇಲಿನವರು ಖುಷಿಯಾಗಿದ್ದಾರೆ, ಕಡತಗಳು ಮುಚ್ಚುತ್ತವೆ, ಸಾಹೇಬರ ಬಿಳಿ ಅಂಗಿಯ ಇಸ್ತ್ರಿ ಒಂದು ದಿನಕ್ಕೂ ಮುರಿದಿಲ್ಲ.

ಈ ಸಲ ಹಳೆಯ ಪೇಟೆಯ ಮಧ್ಯದಲ್ಲಿ ಒಂದು ಕೆಂಪು ಚುಕ್ಕೆ ಎದ್ದಿತು.

ಬಟ್ಟೆಯನ್ನು ನೀರಿಲ್ಲದೆ ತೊಳೆಯುವ ಡ್ರೈ ಕ್ಲೀನಿಂಗ್ ದ್ರಾವಕ ಅದು. ಆ ಪೇಟೆಯಲ್ಲಿ ಹತ್ತಾರು ಬಾವಿಗಳಲ್ಲಿ ಅದರ ಅಂಶ ಇತ್ತು, ಒಂದು ಬಾವಿಯಲ್ಲಿ ಮಾತ್ರ ಮಿತಿಯನ್ನು ಎಷ್ಟೋ ಪಟ್ಟು ಮೀರಿತ್ತು. ನೆಲದಡಿ ನೀರು ಹರಿಯುವ ದಾರಿಯನ್ನು ಲೆಕ್ಕ ಹಾಕುವ ನಮ್ಮ ಕಂಪ್ಯೂಟರ್ ಮಾದರಿಯನ್ನು ಹಿಂದಕ್ಕೂ ಓಡಿಸಬಹುದು. ಕೊಳೆ ಕಂಡ ಒಂದೊಂದು ಬಾವಿಯಲ್ಲೂ ಒಂದು ಹನಿ ಇಟ್ಟು, ನೀನು ಎಲ್ಲಿಂದ ಬಂದೆ ಎಂದು ಕೇಳಿದರೆ ಅದು ನೆಲದಡಿ ಬಂದ ದಾರಿಯಲ್ಲೇ ವಾಪಸು ನಡೆದು ತೋರಿಸುತ್ತದೆ. ನಿಜಕ್ಕೂ ಹರಡಿದ ಕೊಳೆಯಾಗಿದ್ದರೆ ಹನಿಗಳು ದಿಕ್ಕಾಪಾಲಾಗಬೇಕಿತ್ತು. ಇವು ಸಂಜೆ ಕೊಟ್ಟಿಗೆಗೆ ಮರಳುವ ದನಗಳ ಹಾಗೆ ಒಂದರ ಹಿಂದೊಂದು ಬಂದು ಒಂದೇ ಹಿತ್ತಲಲ್ಲಿ ನಿಂತವು. ಅದು ನನ್ನ ಅಣ್ಣನ ಲಾಂಡ್ರಿಯ ಹಿತ್ತಲು. ಅಂಗಡಿಯ ಹಿಂದೆ ಅವನ ಮನೆ, ಮನೆಯ ಹಿಂದೆ ಆ ಕೆಂಪು ಚುಕ್ಕೆಯ ಕೈಪಂಪಿನ ಬಾವಿ. ಆ ಮನೆಯಲ್ಲಿ ನನ್ನ ಅಮ್ಮ ಇದ್ದಾಳೆ.

ಆ ಕ್ಷಣವೇ ಅಣ್ಣನಿಗೆ ಫೋನ್ ಮಾಡಿದೆ. “ನಿನ್ನ ಬಾವಿ ಕೆಟ್ಟಿದೆ. ಇವತ್ತಿನಿಂದ ಆ ನೀರು ಯಾರೂ ಕುಡೀಬೇಡಿ. ಅಮ್ಮನಿಗಂತೂ ಕೊಡ್ಲೇಬೇಡ.”

“ಹ್ಞೂಂ,” ಅಂದ.

“ಹಿತ್ತಲಲ್ಲಿ ಏನಾದ್ರೂ ಸುರೀತೀಯಾ?”

“ನಾನೇನ್ ಸುರೀತೀನಿ? ಮಷೀನ್ ತಳದಲ್ಲಿ ಸ್ವಲ್ಪ ಗಸಿ ಉಳಿಯತ್ತೆ, ಅಷ್ಟೇ. ಎಲ್ಲರೂ ಸುರೀತಾರೆ. ನಾನೊಬ್ಬನೇ ಏನಲ್ಲ.” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನು ನನ್ನ ಅಣ್ಣ. ಪೇಟೆಯಲ್ಲಿರುವುದು ಅದೊಂದೇ ಡ್ರೈ ಕ್ಲೀನಿಂಗ್ ಅಂಗಡಿ.

ಸಾಹೇಬರು ನಕ್ಷೆಯನ್ನು ನೋಡಿ ಮೂಗು ಮುರಿದರು. “ಏನಮ್ಮಾ ಇದು, ಒಳ್ಳೇ ಮುಖದ ಮೇಲೆ ಮೊಡವೆ ಎದ್ದ ಹಾಗೆ?”

“ಡ್ರೈ ಕ್ಲೀನಿಂಗ್ ದ್ರಾವಕ ಸಾರ್. ಹೊಲದಲ್ಲಿ ಬೆಳೆಯಲ್ಲ, ಮಳೇಲಿ ಬೀಳಲ್ಲ. ಒಂದೇ ಕಡೆಯಿಂದ ಬರ್ತಿದೆ.”

“ಪಟ್ಟಣದವರೆಲ್ಲ ಬಟ್ಟೆ ಹಾಕ್ತಾರೆ, ಬಟ್ಟೆ ಒಗೆಸ್ತಾರೆ. ಎಲ್ಲರದೂ ಸ್ವಲ್ಪ ಸ್ವಲ್ಪ ಇದ್ದೇ ಇರತ್ತೆ. ಊರಿಗೆಲ್ಲ ಒಂದು ದಾರಿ ಆದ್ರೆ ಈ ಎಡವಟ್ಟು ಬಾವಿಗೇ ಒಂದು ದಾರಿ. ಇದನ್ನ ಕೈಬಿಡಿ.” ಆಮೇಲೆ ದನಿ ತಗ್ಗಿಸಿ, ದೊಡ್ಡ ಉಪಕಾರ ಮಾಡುವವರಂತೆ ಹೇಳಿದರು: “ಅದು ನಿಮ್ಮಣ್ಣನ ಅಂಗಡಿ ಅಲ್ವಾ? ನನ್ನ ಬಟ್ಟೆಯೆಲ್ಲ ಅಲ್ಲೇ ಕೊಡೋದು. ನಾನು ಹೇಳ್ತಿರೋದು ನಿಮ್ಮ ಒಳ್ಳೇದಕ್ಕೇ.”

ನನ್ನ ಒಳ್ಳೆಯದನ್ನು ಯೋಚಿಸುವ ಜನ ಹೀಗಿರುತ್ತಾರೆಂದು ಗೊತ್ತಿದ್ದರೆ ನಾನು ಕೆಟ್ಟದ್ದನ್ನೇ ಬೇಡಿಕೊಳ್ಳುತ್ತಿದ್ದೆ. “ನನ್ನಣ್ಣನ ಅಂಗಡಿ ಆಗಿರೋದ್ರಿಂದಲೇ ಹೇಳ್ತಿದ್ದೀನಿ ಸಾರ್, ಎರಡನೇ ಸಲ ನೀರು ತರಿಸಿ ನೋಡೋಣ, ಆದ್ರೆ ನಾನು ಹೋಗಲ್ಲ. ಬೇರೆಯವರನ್ನ ಕಳಿಸಿ. ಆಗಲೂ ಹೀಗೇ ಬಂದ್ರೆ ಕೆಂಪು ಕೆಂಪಾಗೇ ಇರ್ಲಿ,” ಎಂದೆ. ಅವರು ಒಪ್ಪಿದರು. ಎರಡನೇ ಸಲ ಎಂದರೆ ಎರಡು ಅಂಕಿ, ಎರಡು ಅಂಕಿ ಎಂದರೆ ಒಂದು ಸರಾಸರಿ. ಅವರ ಮುಖ ಅರಳಿತು.

ನೀರು ತರಲು ಹೋದವನಿಗೆ ನಮ್ಮಲ್ಲಿ ನೆರಳು ಎಂದು ಹೆಸರು. ಯಾವ ಮನೆಗೆ ಹೋದರೂ ಬಾಟಲಿಯನ್ನು ಬಾಗಿಲಲ್ಲಿ ಕೊಟ್ಟು, ತಾನು ನೆರಳು ಇರುವ ಕಡೆ ನಿಂತು, ಮನೆಯವರೇ ತುಂಬಿಸಿ ತಂದುಕೊಡಲಿ ಎಂದು ಕಾಯುವ ಪುಣ್ಯಾತ್ಮ. ಪಂಪನ್ನು ಸ್ವಲ್ಪ ಹೊತ್ತು ಹೊಡೆದು ಹಳೆಯ ನೀರು ಚೆಲ್ಲಬೇಕು, ಗಾಳಿಗುಳ್ಳೆ ನಿಲ್ಲದಂತೆ ಬಾಯಿತನಕ ತುಂಬಬೇಕು ಎಂದು ಅವನಿಗೆ ತರಬೇತಿ ಕೊಟ್ಟಿದ್ದಾರೆ. ತರಬೇತಿಯ ದಿನವೂ ಅವನು ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದ.

ಫಲಿತಾಂಶ ಬಂತು. ದ್ರಾವಕ ಇಲ್ಲವೇ ಇಲ್ಲ. ಸಾಹೇಬರು ಮೇಜು ತಟ್ಟಿದರು. “ನೋಡಿ, ನಾನು ಹೇಳ್ಲಿಲ್ವಾ? ಹಳದಿ ಮಾಡಿ, ನಾಳೆ ಸಾರ್ವಜನಿಕರ ಸಭೆ ಇದೆ.”

ನಾನು ಉಳಿದ ಅಂಕಿಗಳನ್ನು ನೋಡಿದೆ. ದ್ರಾವಕ ಮಾತ್ರವಲ್ಲ, ಆ ನೀರಿನಲ್ಲಿ ಉಪ್ಪಿನಂಶವೂ ಇರಲಿಲ್ಲ, ಸುಣ್ಣದ ಅಂಶವೂ ಇರಲಿಲ್ಲ. ಮಣ್ಣು ಕಲ್ಲುಗಳ ಸಂದಿಯಲ್ಲಿ ವರ್ಷಗಟ್ಟಲೆ ಹರಿದು ಬಂದ ನೀರು ಬರಿಗೈಯಲ್ಲಿ ಬರುವುದಿಲ್ಲ, ನೆಲದ ಒಂದಿಷ್ಟು ಉಪ್ಪನ್ನು ತಂದೇ ತರುತ್ತದೆ. ಅಕ್ಕಪಕ್ಕದ ಎಲ್ಲ ಬಾವಿಗಳಲ್ಲೂ ಅದು ಇತ್ತು. ಇದು ನೆಲವನ್ನೇ ಕಾಣದ ನೀರು. ಅಂಗಡಿಗಳಲ್ಲಿ ಸಿಗುವ, ಯಂತ್ರದಲ್ಲಿ ಸೋಸಿದ ಕ್ಯಾನ್ ನೀರು.

“ಸಾರ್, ಇದು ಬಾವಿ ನೀರೇ ಅಲ್ಲ. ಮತ್ತೆ ತರಿಸ್ಬೇಕು.”

ಸಾಹೇಬರು ಕಿಟಕಿಯ ಕಡೆ ನೋಡಿದರು. “ನಾನು ತನ್ನಿ ಅಂತಾನೂ ಹೇಳಿಲ್ಲ, ಬೇಡ ಅಂತಾನೂ ಹೇಳಿಲ್ಲ.” ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಬೇಡ ಎನ್ನಲಿಲ್ಲವಲ್ಲ, ನನಗೆ ಅಷ್ಟು ಸಾಕಾಗಿತ್ತು. ನೆರಳನ್ನು ಕುರ್ಚಿಯಿಂದ ಎಬ್ಬಿಸಿ, ಬಾಟಲಿಯ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟು, ಜೊತೆಗೆ ಹೊರಟೆ. ನೀರು ಮುಟ್ಟುವವನು ಅವನೇ, ಅವನು ಪಂಪಿನ ತನಕ ನಡೆಯುತ್ತಾನೋ ಇಲ್ಲವೋ ಎಂದು ನೋಡುವುದಷ್ಟೇ ನನ್ನ ಕೆಲಸ.

ಅಣ್ಣ ಮೇಜಿನ ಮುಂದೆ ನಿಂತು ಇಸ್ತ್ರಿ ಮಾಡುತ್ತಿದ್ದ. ಅಂಗಡಿಯಲ್ಲಿ ಆ ಸಿಹಿ ಸಿಹಿಯಾದ, ತಲೆ ಹಿಡಿಯುವ ವಾಸನೆ. ಹ್ಯಾಂಗರುಗಳಲ್ಲಿ ಪ್ಲಾಸ್ಟಿಕ್ ತೊಟ್ಟ ಕೋಟುಗಳು ತೂಗಾಡುತ್ತಿದ್ದವು. ಅಣ್ಣನ ಕೈಯಲ್ಲಿದ್ದ ಬಿಳಿ ಅಂಗಿ ಸಾಹೇಬರದೇ. ನಾಳೆ ಸಭೆಯಲ್ಲವೇ?

“ಏನು, ಆಫೀಸೇ ಎದ್ದು ಬಂದಿದೆ,” ಅಂದ.

ನಾನು ನೇರ ಒಳಗೆ ಹೋದೆ. ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ಕ್ಯಾನ್ ಕೂತಿತ್ತು, ಅದರ ಪಕ್ಕ ಅಣ್ಣನ, ಅತ್ತಿಗೆಯ, ಮಕ್ಕಳ ಲೋಟಗಳು ಸಾಲಾಗಿ ಬೋರಲು ಬಿದ್ದಿದ್ದವು. ಅಮ್ಮ ತನ್ನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಮಂಚದ ಪಕ್ಕ ಅವಳ ಹಳೆಯ ಹೂಜಿ. ಬಗ್ಗಿ ಮೂಸಿ ನೋಡಿದೆ. ಅದೇ ಸಿಹಿ ವಾಸನೆ.

“ಅಮ್ಮಾ, ಇದು ಎಲ್ಲಿಯ ನೀರು?”

“ನಮ್ಮ ಬಾವೀದೇ ಕಣೇ. ಇನ್ನೆಲ್ಲೀದು?”

“ಕ್ಯಾನ್ ಇದೆಯಲ್ಲ ಅಲ್ಲಿ?”

“ಅದು ಮಕ್ಕಳಿಗೆ. ನಂಗೆ ಅಭ್ಯಾಸದ ನೀರೇ ಒಳ್ಳೇದು ಅಂತ ನಿಮ್ಮಣ್ಣ ಹೇಳಿದ. ಹೊರಗಿನವರು ಬಂದ್ರೆ ಮಾತ್ರ ಕ್ಯಾನ್ ನೀರು ಕೊಡ್ಬೇಕಂತೆ, ಮರ್ಯಾದೆ ಪ್ರಶ್ನೆಯಂತೆ. ಮೊನ್ನೆ ನಿಮ್ಮ ಆಫೀಸಿನ ಹುಡುಗ ಬಾಟಲಿ ಹಿಡ್ಕೊಂಡು ಬಿಸಿಲಲ್ಲಿ ಬಂದಿದ್ದ. ಪಾಪ, ಬಾಯಾರಿರ್ಬೇಕು ಅಂತ ಕ್ಯಾನ್ ನೀರೇ ತುಂಬಿಸಿ ಕೊಟ್ಟೆ.”

ನೆರಳು ಬಾಗಿಲಲ್ಲೇ ನಿಂತು ಕಾಲಿನ ಬೆರಳು ನೋಡಿಕೊಂಡ.

ಫೋನಿನಲ್ಲಿ ನಾನು ಹೇಳಿದ್ದನ್ನು ಅಣ್ಣ ಪೂರ್ತಿ ನಂಬಿದ್ದ. ನಂಬಿದ್ದಕ್ಕೇ ಹೆಂಡತಿ ಮಕ್ಕಳಿಗೆ ಕ್ಯಾನ್ ತರಿಸಿದ. ನಂಬಿದ್ದಕ್ಕೇ ಲ್ಯಾಬಿಗೆ ಒಳ್ಳೆಯ ನೀರು ಹೋಗುವಂತೆ ನೋಡಿಕೊಂಡ. ಬಾವಿ ಚೆನ್ನಾಗಿದೆ ಎಂದು ಪೇಟೆಗೆ ತೋರಿಸಲು ಮನೆಯಲ್ಲಿ ಒಬ್ಬರಾದರೂ ಆ ನೀರು ಕುಡಿಯುತ್ತಿರಬೇಕಲ್ಲ, ಅದಕ್ಕೆ ಹೆತ್ತವಳನ್ನು ಇಟ್ಟುಕೊಂಡಿದ್ದ.

ಹೂಜಿಯನ್ನು ಎತ್ತಿಕೊಂಡು ಅಂಗಡಿಗೆ ಬಂದೆ. ಅಮ್ಮ ಏನಾಯಿತೆಂದು ತಿಳಿಯದೆ ಹಿಂದೆಯೇ ಬಂದಳು.

“ಬಾವಿ ನೀರು ಕೆಟ್ಟಿದೆ ಅಂತ ಇವಳಿಗೆ ಯಾಕೆ ಹೇಳ್ಲಿಲ್ಲ?” ಎಂದೆ.

ಅಣ್ಣ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. “ಕೆಟ್ಟಿದೆ ಅಂತ ಯಾರ್ ಹೇಳಿದ್ದು? ನಿನ್ನ ಕಂಪ್ಯೂಟರ್ ಹೇಳತ್ತೆ. ನಿಮ್ಮ ಲ್ಯಾಬೇ ಏನೂ ಇಲ್ಲ ಅಂದಿದೆಯಂತಲ್ಲ, ಸಾಹೇಬರೇ ಫೋನ್ ಮಾಡಿ ಹೇಳಿದ್ರು. ಅಮ್ಮಾ, ಇವಳ ಮಾತು ಕೇಳ್ಬೇಡ. ಆ ನೀರಿಗೆ ಏನೂ ಆಗಿಲ್ಲ. ಇಷ್ಟು ವರ್ಷ ಕುಡಿದು ನಿಂಗೇನಾಗಿದೆ?”

“ಏನೂ ಆಗಿಲ್ಲಪ್ಪ,” ಎಂದಳು ಅಮ್ಮ. ಮಗನ ಮಾತಿಗೆ ಅವಳ ಬಾಯಲ್ಲಿ ಇನ್ನೊಂದು ಉತ್ತರ ಇದ್ದದ್ದು ನಾನು ಕಂಡಿಲ್ಲ. ನನ್ನ ನಕ್ಷೆಗಳನ್ನೆಲ್ಲ ತಂದು ಹಾಸಿದ್ದರೂ ಅವಳು ಅವುಗಳ ಮೇಲೆ ಕಾಲಿಡದೆ ಪಕ್ಕದಿಂದ ನಡೆದುಹೋಗುತ್ತಿದ್ದಳು.

ಮೇಜಿನ ತುದಿಯಲ್ಲಿ ಇಸ್ತ್ರಿಗೆ ಮೊದಲು ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಇತ್ತು. ನಾನು ಅದರ ಮುಚ್ಚಳ ತಿರುಗಿಸಿ, ಇದ್ದ ನೀರನ್ನು ಬಾಗಿಲ ಹೊರಗೆ ಚೆಲ್ಲಿ, ಅಮ್ಮನ ಹೂಜಿಯಿಂದ ತುಂಬಿಸಿದೆ. ಸಾಹೇಬರ ಅಂಗಿಯನ್ನು ಹತ್ತಿರ ಎಳೆದುಕೊಂಡು, ಕಾಲರಿನ ಮೇಲೆ ಬಾಟಲಿ ಹಿಡಿದೆ.

“ಏಯ್, ಆ ನೀರು ಹಾಕ್ಬೇಡ,” ಎಂದು ಅಣ್ಣ ನನ್ನ ಮಣಿಕಟ್ಟು ಹಿಡಿದ. “ಹೋದ ತಿಂಗಳು ಹೀಗೇ ಹಾಕಿ ಎರಡು ಅಂಗಿ ಹಾಳಾಯ್ತು. ಕಲೆ ಬೀಳತ್ತೆ, ಎಷ್ಟು ತೊಳೆದ್ರೂ ವಾಸನೆ ಹೋಗಲ್ಲ. ಬಟ್ಟೆಗೆ ನಾನು ಕ್ಯಾನ್ ನೀರೇ ಹಾಕೋದು.”

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂದು ಗೊತ್ತಾಯಿತು. ಕೈ ಬಿಟ್ಟ. ಅಮ್ಮ ಅಂಗಿಯನ್ನು ನೋಡಿದಳು, ನನ್ನ ಕೈಯಲ್ಲಿದ್ದ ಹೂಜಿಯನ್ನು ನೋಡಿದಳು, ಆಮೇಲೆ ಮಗನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಅಷ್ಟು ಹೊತ್ತು ಅವಳು ಅವನ ಮುಖ ನೋಡಿದ್ದು ಬಹುಶಃ ಅವನು ಹುಟ್ಟಿದ ದಿನ.

“ಅಮ್ಮಾ, ಅದು ಹಾಗಲ್ಲ,” ಎಂದ.

ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಕ್ಯಾನಿನ ನಲ್ಲಿ ತಿರುಗಿದ ಸದ್ದು ಕೇಳಿಸಿತು. ಇಣುಕಿ ನೋಡಿದೆ. ಅಣ್ಣನ ಲೋಟದಲ್ಲೇ ತುಂಬಿಸಿಕೊಂಡು, ನಿಂತೇ ಪೂರ್ತಿ ಕುಡಿದು, ಲೋಟವನ್ನು ತೊಳೆಯದೆ ಕಟ್ಟೆಯ ಮೇಲಿಟ್ಟಳು. ಆಮೇಲೆ ಬಾಗಿಲಿಗೆ ಬಂದು ನೆರಳನ್ನು ಕರೆದಳು. “ಬಾರಪ್ಪ, ನಿನ್ನ ಬಾಟಲಿ ತಗೊಂಡು ಹಿತ್ತಲಿಗೆ ಬಾ. ಮೊನ್ನೆ ಕೊಟ್ಟಿದ್ದು ಇವರು ಕುಡಿಯೋ ನೀರು. ನಾನು ಕುಡಿಯೋದು ಬೇರೆ.”

ನೆರಳು ಬಿಸಿಲಿಗೆ ಬಂದ. ಬದುಕಿನಲ್ಲಿ ಮೊದಲ ಬಾರಿ ಎಂದು ಕಾಣುತ್ತದೆ, ಪಂಪಿನ ಪಕ್ಕ ಮಂಡಿಯೂರಿ ಕೂತು ಬಾಟಲಿ ಹಿಡಿದ. ನಾನು ಪಂಪಿಗೆ ಕೈ ಹಾಕಲು ಹೋದರೆ ಅಮ್ಮ ಬೇಡವೆಂದಳು, ತಾನೇ ಹೊಡೆಯತೊಡಗಿದಳು. ಹಳೆಯ ನೀರೆಲ್ಲ ಚೆಲ್ಲಿಹೋಗುವ ತನಕ ಹೊಡೆದಳು.

ಅಣ್ಣ ಹಿತ್ತಲ ಬಾಗಿಲಲ್ಲಿ ಬಂದು ನಿಂತ. ಸಾಹೇಬರ ಅಂಗಿ ಇನ್ನೂ ಅವನ ಕೈಯಲ್ಲೇ ಇತ್ತು, ಅದನ್ನು ಎಲ್ಲಿಡಬೇಕೆಂದು ಅವನಿಗೆ ತೋಚಿರಲಿಲ್ಲ. “ಅಮ್ಮಾ, ಈ ನೀರು ಲ್ಯಾಬಿಗೆ ಹೋದ್ರೆ ಅಂಗಡಿ ಮುಚ್ಚಿಸ್ತಾರೆ. ಎಲ್ಲರೂ ಮಾಡೋದನ್ನೇ ನಾನೂ ಮಾಡಿದ್ದು. ಎಲ್ಲರದೂ ಸ್ವಲ್ಪ ಸ್ವಲ್ಪ ಇದೆ, ಸಾಹೇಬರೇ ಹೇಳಿದ್ದಾರೆ.”

ಅಮ್ಮ ಪಂಪು ನಿಲ್ಲಿಸಲಿಲ್ಲ. ಬಾಟಲಿ ಬಾಯಿತನಕ ತುಂಬಿ ಹೊರಚೆಲ್ಲಿತು, ನೆರಳು ಗುಳ್ಳೆ ನಿಲ್ಲದಂತೆ ಮುಚ್ಚಳ ಬಿಗಿದ.

“ಇರ್ಬಹುದು,” ಎಂದಳು ಅಮ್ಮ. “ಎಲ್ಲರನ್ನೂ ನಾನು ಹೆತ್ತಿಲ್ಲ.”