ಅರ್ಪಿತ ಮಾಡಿದ ಮೋಡಗಳು

ಹೊಸಕೋಟೆಯ ಹೊರಗಿನ ಖಗೋಳ ಕೇಂದ್ರದಲ್ಲಿ ದೇವೇಂದ್ರ ಅವರನ್ನು ಕಂಡರೆ ಎಲ್ಲರಿಗೂ ಗೌರವ. ಅವರ ಗ್ರಹವನ್ನು ಮಾತ್ರ ಯಾರೂ ನಂಬುತ್ತಿರಲಿಲ್ಲ. ಹಿಮಾಲಯದ ಬೆಟ್ಟದ ಮೇಲಿದ್ದ ಟೆಲಿಸ್ಕೋಪನ್ನು ಇಲ್ಲಿಂದಲೇ ನಡೆಸುತ್ತ, ಒಂದು ಮಂಕು ನಕ್ಷತ್ರದ ಬೆಳಕು ಕುಗ್ಗಿ ಮತ್ತೆ ಏರಿದ್ದನ್ನು ಅವರು ಎರಡು ಸಲ ಕಂಡಿದ್ದರು. ಎರಡರ ನಡುವೆ ಏಳು ವರ್ಷ. ನಕ್ಷತ್ರದ ಮುಂದೆ ಗ್ರಹವೊಂದು ಹಾದುಹೋಯಿತು ಎಂದು ಅವರ ವಾದ. ಹಾದುಹೋದದ್ದು ತೆಳು ಮೋಡ ಎಂದು ಉಳಿದವರ ವಾದ.

ಈಗ ಅವರಿಗೆ ಕೈ ನಡುಗುವ ಕಾಯಿಲೆ. ಟೀ ಲೋಟ ಹಿಡಿಯಲೂ ಆಗುತ್ತಿರಲಿಲ್ಲ.

"ಮೂರನೇ ಸಲ ಈ ನವೆಂಬರ್‌ನಲ್ಲಿ ಬರ್ತದೆ. ಅದರ ಮುಂದಿಂದಕ್ಕೆ ನಾನಿರಲ್ಲ," ಎಂದು ತಮ್ಮ ವಿದ್ಯಾರ್ಥಿನಿ ಅರ್ಪಿತಳಿಗೆ ಹೇಳಿದರು. "ಆ ರಾತ್ರಿಗೆ ಟೆಲಿಸ್ಕೋಪ್ ಕೊಡಿ ಅಂತ ಅರ್ಜಿ ಹಾಕಿದ್ರೆ, ಮೊದ್ಲು ಮೋಡ ಅಲ್ಲ ಅಂತ ತೋರ್ಸಿ ಅಂತಾರೆ. ನೀನು ಕಂಪ್ಯೂಟರ್‌ನಲ್ಲಿ ಮೋಡ ಮಾಡಮ್ಮ. ನನ್ನ ನಕ್ಷತ್ರದ ಮುಂದೆ ಓಡ್ಸು. ಹಿಂಗೆ ಕುಗ್ಗಲ್ಲ ಅಂತ ಎಲ್ರಿಗೂ ಗೊತ್ತಾಗ್ಲಿ."

ಅನುಗೊಂಡನಹಳ್ಳಿಯ ಮನೆಯಲ್ಲೂ ಅರ್ಪಿತ ಅದೇ ಕೆಲಸ ಹಿಡಿದು ಕೂರುತ್ತಿದ್ದಳು. ತಾಯಿ ಮುನಿವೆಂಕಟಮ್ಮ ಒಂದು ಸಂಜೆ ಪರದೆಯತ್ತ ಬಗ್ಗಿ ನೋಡಿದರು.

"ಏನೇ ಇದು, ಹೊಗೆ ಇದ್ದಂಗೈತೆ?"

"ಮೋಡ ಕಣಮ್ಮ. ಸುಳ್ಳು ಮೋಡ."

"ಅದ್ರಿಂದ ಯಾರಿಗೇನಾಗ್ಬೇಕು?"

"ನಮ್ಮ ಸರ್‌ಗೆ ಬೇಕು."

ಮೊದಲು ಅವಳು ಹೊದಿಕೆಯಂತೆ ಒಂದೇ ಸಮನಾದ ಮೋಡ ಮಾಡಿದಳು. ಆ ನಕ್ಷತ್ರವೂ ಅಕ್ಕಪಕ್ಕದವೂ ಒಂದೇ ಅಳತೆಯಲ್ಲಿ ಮಂಕಾದವು. ಒಂದನ್ನೊಂದಕ್ಕೆ ಹೋಲಿಸಿದರೆ ಮೋಡದ ಗುರುತೇ ಉಳಿಯಲಿಲ್ಲ. ದೇವೇಂದ್ರ ಕಂಡಾಗಲಾದರೋ ಅಕ್ಕಪಕ್ಕದವು ಹಾಗೇ ಇದ್ದು ಅದೊಂದೇ ಮಂಕಾಗಿತ್ತು; ಹಾಗಾದರೆ ಕುಗ್ಗಿದ್ದು ನಕ್ಷತ್ರವೇ. ದೇವೇಂದ್ರ ಮಗುವಿನಂತೆ ನಕ್ಕರು. "ನಾನು ಹೇಳ್ಲಿಲ್ವಾ!" ಎಂದು ಅಲ್ಲೇ ಹೆಂಡತಿಗೆ ಫೋನ್ ಮಾಡಿಸಿದರು.

ಅರ್ಪಿತಳಿಗೆ ಸಮಾಧಾನವಾಗಲಿಲ್ಲ. ಬೆಟ್ಟದ ಮೇಲಿನ ಮೋಡ ಅಷ್ಟು ಸಮನಾಗಿರುವುದಿಲ್ಲ. ಹಿಂಜಿದ ಅರಳೆಯಂತೆ ಎಳೆಎಳೆಯಾದ ಮೋಡ ಮಾಡಿ, ಬೆಳಕು ಕುಗ್ಗಿದ ರಾತ್ರಿಯ ಗಾಳಿಯನ್ನೇ ಬೀಸಿಸಿದಳು. ಒಂದು ಎಳೆ ಬಂದು ಆ ನಕ್ಷತ್ರವೊಂದನ್ನೇ ಮುಚ್ಚಿ, ನಿಧಾನವಾಗಿ ಸರಿಯಿತು. ಬೆಳಕಿನ ಏರಿಳಿತ ತೋರಿಸುವ ಗೆರೆ, ದೇವೇಂದ್ರ ಹಿಂದೆ ದಾಖಲಿಸಿದ್ದ ಗೆರೆಯ ಮೇಲೆ ಸರಿಯಾಗಿ ಕೂತಿತು. ಗಾಳಿ ಬದಲಿಸಿದಳು. ಕೆಲವು ಸಲ ಕೂರಲಿಲ್ಲ, ಎಷ್ಟೋ ಸಲ ಕೂತಿತು.

ಸುಮ್ಮನಿದ್ದುಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ಆದರೂ ಮರುದಿನ ಅವರ ಕೋಣೆಗೆ ಹೋಗಿ ತೋರಿಸಿದಳು.

"ಎರಡು ಸಲಾನೂ?" ಎಂದರು ಅವರು.

"ಆಗ್ಬಹುದು ಸರ್. ಮೋಡಾನೇ ಅಂತ ಹೇಳ್ತಿಲ್ಲ. ಆದ್ರೆ ಮೋಡ ಅಲ್ಲ ಅಂತ ಹೇಳೋಕಾಗಲ್ಲ."

ದೇವೇಂದ್ರ ಪರದೆಯ ಹತ್ತಿರಕ್ಕೆ ಬಗ್ಗಿದರು. "ಇನ್ನೊಂದ್ಸಲ ಓಡ್ಸು" ಎಂದರು. ಓಡಿಸಿದಳು.

"ಸರಿ. ಅರ್ಜಿ ಜೊತೆ ಇರೋದನ್ನ ಇರೋ ಹಾಗೇ ಕಳ್ಸು."

ಅವರ ಅರ್ಜಿ ತಿರಸ್ಕೃತವಾಯಿತು. ನವೆಂಬರಿನ ಆ ರಾತ್ರಿ ಬೇರೆಯವರ ಕೆಲಸಕ್ಕೆ ಹೋಯಿತು. ಅರ್ಪಿತಳ ಮೋಡಗಳನ್ನು ಮಾತ್ರ ಎಲ್ಲರೂ ಮೆಚ್ಚಿದರು. ಬೇರೆ ಊರಿನ ಕೇಂದ್ರಗಳವರು ಕೇಳಿ ತರಿಸಿಕೊಂಡರು. ದೇವೇಂದ್ರ ಕೇಂದ್ರಕ್ಕೆ ಬರುವುದನ್ನು ನಿಲ್ಲಿಸಿದರು.

ಡಿಸೆಂಬರಿನಲ್ಲಿ ಅವಳು ತ್ಯಾಮಗೊಂಡ್ಲಿನ ಅವರ ಮನೆಗೆ ಹೋದಳು. ಮಂಚದ ಮೇಲೆ ದಿಂಬಿಗೊರಗಿದ್ದ ಅವರ ಮಾತು ತೊದಲುತ್ತಿತ್ತು.

"ಅವತ್ತು... ನಮ್ಮ ನಕ್ಷತ್ರದ ಕಡೆ ಯಾರಾದ್ರೂ ತಿರುಗ್ಸಿದ್ರಾ?"

"ಇಲ್ಲ ಸರ್."

"ಅಲ್ಲಿ ಮೋಡ ಇತ್ತಾ?"

ಇತ್ತು ಎಂದುಬಿಟ್ಟಿದ್ದರೆ, ಟೆಲಿಸ್ಕೋಪ್ ಸಿಕ್ಕಿದ್ದರೂ ಏನೂ ಕಾಣುತ್ತಿರಲಿಲ್ಲ ಎಂದು ಅವರು ಸಮಾಧಾನಪಡುತ್ತಿದ್ದರು. ಅವಳಿಗೆ ಬಾಯಿ ಬರಲಿಲ್ಲ.

"ಇರ್ಲಿಲ್ಲ ಸರ್. ಪೂರ್ತಿ ತಿಳಿಯಾಗಿತ್ತು."

ಅವರು ಮುಖ ಗೋಡೆಯತ್ತ ಹೊರಳಿಸಿದರು. ಹೆಂಡತಿ ಗಂಜಿ ತಂದು ಚಮಚ ತುಟಿಗೆ ಹಿಡಿದರೆ ಬಾಯಿ ತೆರೆಯಲಿಲ್ಲ.

"ಬೆಳಗ್ಗೆ ಚೆನ್ನಾಗೇ ತಿಂದಿದ್ರಲ್ಲಾ," ಎಂದು ಆಕೆ ಅರ್ಪಿತಳತ್ತ ತಿರುಗಿದರು. "ಏನ್ ಹೇಳ್ದೆ ಅವ್ರಿಗೆ?"