ನಾಲ್ಕು ಚಿಪ್, ನಾಲ್ಕು ಕರಿ ಪಟ್ಟಿ

ಹಾಲಿನಾಂವ ನೀರು ಬೆರಸ್ಯಾನೇನಂತ ದಿನಾ ಬೆರಳದ್ದಿ ನೋಡಾಂವ ನಾ. "ಶರಣಾ, ನಿನ್ನ ನೆರಳಿನ ಮ್ಯಾಲೂ ನಿನಗ ಸಂಶಯ ಅದ" ಅಂತಾಳ ನಮ್ಮವ್ವ ಕಲ್ಯಾಣಮ್ಮ. ಅನ್ನಲಿ. ಆದ್ರ ಈ ಸಲ ನನ್ನ ಕೈಯಾಗ ಪುರಾವೆ ಇತ್ತು.

ಸುರಪುರದಾಗ ನಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಸ್ತೀನಿ. ರಂಗಂಪೇಟ್ಯಾಗ ರೇಡಿಯೋ ರಿಪೇರಿ ಅಂಗಡಿ ಇಟ್ಟ ಮೌನಪ್ಪ ಕಾಕಾ, ನಾನು ಕೂಡಿ ಎರಡು ವರ್ಷ ಕುಂತು ಒಂದು ಕಂಪ್ಯೂಟರ್ ಕಟ್ಟಿದ್ವಿ. ನಲವತ್ತು ವರ್ಷದ ಹಿಂದಿನ ನಮೂನಿದು, ಮ್ಯಾಲ ಮುಚ್ಚಳಿಲ್ಲದ್ದು, ಹಳೇ ಟೀವಿಗೆ ಹಚ್ಚಿದ್ರ ಹಸರ ಅಕ್ಷರ ಮೂಡೂ ಅಂಥಾದ್ದು. ಅದರ ಜೀವ ಇದ್ದದ್ದು ನಾಲ್ಕು ಚಿಪ್‌ನ್ಯಾಗ. ಅವು ಬರೂದು ಖಾಲಿ. ಯಾವ ತಂತಿ ಯಾವಾಗ ಯಾರ ಮಾತ ಕೇಳಬೇಕು ಅನ್ನೂದನ್ನ ನಾವ ಬರದು ತುಂಬಬೇಕು. ನೆತ್ತಿ ಮ್ಯಾಲ ಒಂದು ಸಣ್ಣ ಗಾಜಿನ ಕಣ್ಣು ಇರ್ತದ, ಅದರೊಳಗ ಅತಿನೇರಳೆ ಬೆಳಕು ಬಿಟ್ರ ಬರದದ್ದೆಲ್ಲ ಅಳಿಸಿ ಹೋಗ್ತದ. ಅದಕ್ಕ ಬರದಾದ ಮ್ಯಾಲ ಆ ಕಣ್ಣಿಗೆ ಕರಿ ಪಟ್ಟಿ ಹಚ್ಚೂದು. ಅಳಸೂ ದೀಪ ಕಾಕಾನ ಮಾಡಿದ್ದ, ನೀರು ಶುದ್ಧ ಮಾಡೂ ಮಷಿನ್ನಿನ ಬಲ್ಬ್ ತಗದು. ಅಳಿಸಿದ ಖಾಲಿ ಚಿಪ್ ಅವನ ಅಂಗಡ್ಯಾಗ ಡಬ್ಬಿ ತುಂಬ ಇದ್ವು.

ದಸರಾಕ್ಕ ಅವ್ವ ಪಡಸಾಲ್ಯಾಗ ಮಣ್ಣಾಗ ಕಾಳು ಬಿತ್ತಿ ಘಟ ಹಾಕಿದಾಗ, "ನಿನ್ನ ಮಷಿನ್ನೂ ದೇವಿ ಮುಂದಿಡಪಾ, ಹಬ್ಬ ಆದ ಮ್ಯಾಲ ಯಾದಗಿರಿ ಪ್ರದರ್ಶನದಾಗ ಹೆಸರ ಬರ್ತದ" ಅಂದ್ಲು. ಇಟ್ಟೆ. ಘಟದ ಮುಂದ ಇಟ್ಟದ್ದಕ್ಕ ಒಂಬತ್ತು ದಿನ ಕೈ ಹಚ್ಚಬಾರದು, ನಾ ಹತ್ರನೂ ಹೋಗಲಿಲ್ಲ. ದಶಮಿ ದಿನ ಎತ್ತಿ ನನ್ನ ಖೋಲ್ಯಾಗ ತಂದಿಟ್ಟೆ.

ಅವತ್ತ ಸಂಜಿಕ ಕಾಕಾ ಬನ್ನಿ ಕೊಡಾಕ ಬಂದ. "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ ಮಾಸ್ತರ" ಅಂದ. ಮೇಜಿನ ಮ್ಯಾಲ ಪ್ರದರ್ಶನಕ್ಕಂತ ಬರಸಿದ ಬೋರ್ಡ್ ಇತ್ತು. 'ವಿನ್ಯಾಸ: ಶರಣಕುಮಾರ.' ಅಷ್ಟ. ಬೆಸುಗಿ ಹಾಕಿದ್ದು ಕಾಕಾ, ಎರಡು ಚಿಪ್‌ನ್ಯಾಗ ನನ್ನ ತಪ್ಪು ಹಿಡದು ತಿದ್ದಿದ್ದೂ ಕಾಕಾ. ಅವನ ಹೆಸರ ನಾ ಮರತು ಬಿಟ್ಟಿರಲಿಲ್ಲ. ರೇಡಿಯೋ ರಿಪೇರಿಯವನ ಹೆಸರ ಕೂಡಿದ್ರ ನನ್ನ ತೂಕ ಕಡಿಮಿ ಆದೀತಂತ ಬಿಟ್ಟಿದ್ದೆ, ಸುಳ್ಳ್ಯಾಕ ಹೇಳ್ಲಿ? ಕಾಕಾ ಬೋರ್ಡ್ ಎತ್ತಿ ಓದಿ, ಇದ್ದಲ್ಲೇ ಇಟ್ಟ. ನಾ ಚಾ ತರಾಕ ಒಳಗ ಹೋಗಿ ಬರೂತನಾ ಅವನೊಬ್ಬನ ಮಷಿನ್ನಿನ ಹತ್ರ ಇದ್ದ.

ಮರುದಿನ ಮುಂಜಾನಿ ಸ್ವಿಚ್ ಒತ್ತಿದ್ರ ಟೀವಿ ಮ್ಯಾಲ ಹಿಟ್ಟು ಚೆಲ್ಲಿದಂಗ ಬರೇ ಚುಕ್ಕಿ. ಒಂದೊಂದ ಚಿಪ್ ಕಿತ್ತು ಓದಿಸಿ ನೋಡಿದೆ. ನಾಲ್ಕೂ ಖಾಲಿ. ಕರಿ ಪಟ್ಟಿ ಮಾತ್ರ ಇದ್ದಲ್ಲೇ ನೆಟ್ಟಗ ಇದ್ವು! ಪಟ್ಟಿ ಇದ್ದಾಗ ಅಳಸೂದಿಲ್ಲ, ಅಂದ್ರ ಕಾಕಾ ಖಾಲಿ ಚಿಪ್ ಇಟ್ಟು ನಮ್ಮವು ಒಯ್ದಾನ. ಬೋರ್ಡಿನ ಸಿಟ್ಟು ಹಿಂಗ ತೀರಿಸ್ಯಾನ. ಬರದದ್ದರ ಪ್ರತಿ ನನ್ನ ಲ್ಯಾಪ್‌ಟಾಪ್‌ನ್ಯಾಗ ಇತ್ತು, ತಿರುಗಿ ತುಂಬೂದು ಅರ್ಧ ತಾಸಿನ ಕೆಲಸ. ಆದ್ರ ಸಿಟ್ಟು ತಡೀಬೇಕಲ್ಲ?

ಅಂಗಡ್ಯಾಗ ಕಾಕಾ ಓಣಿಯ ಕುಬ್ರಾಬೇಗಂಳ ರೇಡಿಯೋ ಬಿಚ್ಚಿಕೊಂಡು ಕುಂತಿದ್ದ. ಆಕಿನೂ ಅಲ್ಲೇ ಇದ್ಲು.

"ಕಾಕಾ, ನನ್ನ ಚಿಪ್ ಕೊಡು."

"ಯಾವ ಚಿಪ್ರಿ?"

"ನಿನ್ನೆ ಕದ್ದು ತಂದದ್ದು."

"ಯಾ ಅಲ್ಲಾ! ಕಾಮಾಲಿ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ ಮಾಸ್ತರ" ಅಂದ್ಲು ಕುಬ್ರಾಬೇಗಂ.

ಕಾಕಾ ಎದ್ದು ನಿಂತ. "ಹುಡುಕ್ರಿ" ಅಂದ.

ಹುಡುಕಿದೆ! ಡಬ್ಬಿ, ಡ್ರಾ, ಅವನ ಬುತ್ತಿ ಚೀಲ ಸೈತ ಬೋರಲ ಹಾಕಿದೆ. ಎರಡು ರೊಟ್ಟಿ, ಪುಂಡಿಪಲ್ಯ ಬಿತ್ತು. "ಮನ್ಯಾಗ ಮುಚ್ಚಿಟ್ಟೀದಿ" ಅಂತ ಓಣಿಗೆಲ್ಲ ಕೇಳೂವಂಗ ಒದರಿ ಬಂದೆ.

ಮನಿಗೆ ಬಂದು, ತಿರುಗಿ ಬರದು ಹೊಸ ಪಟ್ಟಿ ಹಚ್ಚೂಣಂತ ಹಳೇ ಪಟ್ಟಿ ಕಿತ್ತೆ. ಅಂಟಿನೊಳಗ ಕೆಂಪಗ ಏನೋ ಹತ್ತಿತ್ತು. ಕುಂಕುಮ. ಇನ್ನೊಂದು ಕಿತ್ತೆ. ಅದರಾಗೂ ಕುಂಕುಮ.

"ಯವ್ವಾ, ಈ ಪಟ್ಟಿ ನೀ ಕಿತ್ತಿದ್ದೇನು?"

"ಹೂಂ ಮತ್ತ! ದೇವಿ ಮುಂದ ಕರೇದು ಇಡ್ತಾರೇನಪಾ? ಕಿತ್ತು, ಗಾಜಿನ ಬಾಜೂಕ ಕುಂಕುಮ ಹಚ್ಚಿ ಪೂಜಿ ಮಾಡಿದೆ. ದಶಮಿ ದಿನ ಒರಸಿ, ಇದ್ದಂಗ ತಿರುಗಿ ಹಚ್ಚೀನಿ. ಒಂದೂ ಕಳದಿಲ್ಲ."

ಪಡಸಾಲ್ಯಾಗ ಹೋಗಿ ಮ್ಯಾಲ ನೋಡಿದೆ. ಘಟದ ಸಸಿಗೆ ಬಿಸಲ ಬೇಕಂತ ಅವ್ವ ಘಟ ಹಾಕೂದು ಬೆಳಕಿಂಡಿ ಕೆಳಗ. ಒಂಬತ್ತು ದಿನ ನಮ್ಮೂರ ಬಿಸಲು ಆ ನಾಲ್ಕು ಕಣ್ಣಾಗ ಇಳದಿತ್ತು. ಅಳಸೂ ದೀಪದಾಗ ಇರೂ ಬೆಳಕ ಬಿಸಲಾಗೂ ಇರ್ತದ, ವಾರಗಟ್ಲೆ ಬಿದ್ರ ಚಿಪ್ ಅಳಸ್ತದ ಅಂತ ಪ್ರತಿ ವರ್ಷ ಹುಡುಗರಿಗೆ ಪಾಠ ಹೇಳಾಂವ ನಾನ. ಥೂ ನನ್ನ ಜಲ್ಮಕ್ಕ!

ಅರ್ಧ ತಾಸಿನ್ಯಾಗ ನಾಲ್ಕೂ ಬರದೆ. ಹಸರ ಅಕ್ಷರ ಮೂಡಿದ್ವು. ಒಂಚೂರೂ ಖುಷಿ ಆಗಲಿಲ್ಲ. ಬೋರ್ಡಿನ ಮ್ಯಾಲ ಕಾಕಾನ ಹೆಸರ ಮೊದಲು ಬರಸಿ, ಅದನ್ನ ಹಿಡಕೊಂಡು ರಂಗಂಪೇಟಿಗೆ ಓಡಿದೆ.

ಕುಂಕುಮ, ಬೆಳಕಿಂಡಿ, ಅವ್ವ, ಎಲ್ಲಾ ಹೇಳಿದೆ. "ತಪ್ಪಾತು ಕಾಕಾ, ಹೊಟ್ಟ್ಯಾಗ ಹಾಕ್ಕೋ. ನಾಳಿಗೆ ಇಬ್ಬರೂ ಯಾದಗಿರಿಗೆ ಹೋಗೂಣು."

ಕಾಕಾ ಬೋರ್ಡ್ ಇಸ್ಕೊಂಡು ಓದಿದ, ದಶಮಿ ದಿನ ಓದಿದಂಗ.

"ಒಂದ ಮಾತು ಕೇಳ್ತೀನಿ ಮಾಸ್ತರ, ಖರೆ ಹೇಳ್ರಿ. ಪಟ್ಟ್ಯಾಗ ಕುಂಕುಮ ಸಿಗದಿದ್ರ ಇವತ್ತ ಬರ್ತಿದ್ರೇನು?"

ಸುಳ್ಳು ನಾಲಿಗಿ ತುದಿಗೆ ಬಂದಿತ್ತು. ಅವನ ಮಾರಿ ನೋಡಿ ನುಂಗಿದೆ.

"ಇಲ್ಲ" ಅಂದೆ.

"ಖರೆ ಹೇಳಿದ್ರಿ" ಅಂತ ಬೋರ್ಡ್ ನನ್ನ ಕೈಗೆ ವಾಪಸ್ ಕೊಟ್ಟು, ಕುಬ್ರಾಬೇಗಂಳ ರೇಡಿಯೋದ ಹಿಂದಿನ ಮುಚ್ಚಳದ ಸ್ಕ್ರೂ ತಿರುವಾಕತ್ತಿದ.

ಮರುದಿನ ಯಾದಗಿರ್ಯಾಗ ಮಷಿನ್ ಚಲೋ ನಡೀತು. ಬೋರ್ಡಿನ ಮ್ಯಾಲ ಎರಡು ಹೆಸರಿದ್ವು. ಬಂದವರೆಲ್ಲ ಓದಿ, "ಇವರ್ಯಾರ್ರಿ ಮೌನಪ್ಪ, ಎಲ್ಲ್ಯಾರ?" ಅಂತ ಸಂಜಿತನಾ ನನ್ನ ಕೇಳಿದ್ರು.