ಕಾಚು ಬಣ್ಣದ ಡೇರೆ

ನಾನು ಒಂದು ಡೇರೆ. ಒಬ್ಬನೇ ಹೊತ್ತು ಕಾಡು ಸುತ್ತಬಹುದಾದ, ಹಗುರವಾದ ಬೇಟೆಯ ಡೇರೆ. ಯಾರನ್ನೂ ಸುಮ್ಮಸುಮ್ಮನೆ ನಂಬುವ ಗಿರಾಕಿ ನಾನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಂಬುವುದಾದರೂ ಹೇಗೆ? ನನ್ನ ಬಟ್ಟೆಯನ್ನು ನೇಯ್ದದ್ದು ಪ್ಯಾರಾಚೂಟಿಗೆಂದು. ತಪಾಸಣೆಗೆ ಬಂದ ಅಧಿಕಾರಿ ನನ್ನನ್ನು ಬೆಳಕಿಗೆ ಹಿಡಿದು ನೋಡಿ, ಮೂಗು ಮುರಿದು, ಇದನ್ನು ನಂಬಿ ಯಾರೂ ಹಾರುವಂತಿಲ್ಲ ಎಂದು ಮೂಲೆಗೆ ಎಸೆದ. ಮುಂದೆ ಬೆಳಗಾವಿ ಕ್ಯಾಂಪಿನಲ್ಲಿ ಹಳೆ ಮಿಲಿಟರಿ ಸಾಮಾನು ಮಾರುವ ಅಂಗಡಿಯವನು ನನ್ನನ್ನು ಕೊಂಡು, ದರ್ಜಿಯಿಂದ ಹೊಲಿಸಿ ಡೇರೆ ಮಾಡಿಸಿದ. ಹುಟ್ಟುವ ಮೊದಲೇ ಸಂಶಯಕ್ಕೆ ಸಿಕ್ಕವನಿಗೆ ಬೇರೆ ಯಾವ ಬುದ್ಧಿ ಬಂದೀತು ಹೇಳಿ!

ಆಗಿನ್ನೂ ಪರವಾನಗಿ ತೆಗೆದುಕೊಂಡು ಬೇಟೆಯಾಡಬಹುದಾದ ಕಾಲ. ಒಂದು ದಿನ ಅಂಗಡಿಗೆ ಧಾರವಾಡದ ಪರಶುರಾಮ ಜಾಧವ ಮಾಸ್ತರು ಬಂದರು. ಶಾಲೆಯ ಡ್ರಿಲ್ ಮಾಸ್ತರು, ವಯಸ್ಸು ಇಳಿಯುತ್ತಿದ್ದರೂ ಮೀಸೆ ಮಾತ್ರ ಇನ್ನೂ ಸೆಟೆದು ನಿಂತಿತ್ತು. ನನಗಿಂತ ದೊಡ್ಡ ಸಂಶಯದ ಪ್ರಾಣಿಯನ್ನು ಅವತ್ತೇ ನಾನು ಮೊದಲು ನೋಡಿದ್ದು.

"ಹೂವಿನಂಗ ಹಗುರ ಐತ್ರಿ ಮಾಸ್ತರ," ಎಂದ ಅಂಗಡಿಯವನು.

"ಹೂವು ಮಾರಾವ್ರೂ ಹಿಂಗ ಅಂತಾರ. ಕೋಲು, ಗೂಟ ಎಲ್ಲಾ ಕೂಡಿ ಎಷ್ಟಾಗತೈತಿ, ಅದನ್ನ ಹೇಳು."

ಮಾಸ್ತರು ಚೀಲದಿಂದ ಸ್ವಂತ ತೂಗುಕೊಕ್ಕೆ ತೆಗೆದರು! ಅಂಗಡಿಯ ತಕ್ಕಡಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮೊದಲು ದಪ್ಪ ಕ್ಯಾನ್ವಾಸಿನ ಡೇರೆಯನ್ನು ತೂಗಿದರು, ಆಮೇಲೆ ರಬ್ಬರು ಬಳಿದದ್ದನ್ನು, ಕೊನೆಗೆ ನನ್ನನ್ನು. ಅಷ್ಟಕ್ಕೇ ಬಿಡಲಿಲ್ಲ, ಮೂವರ ಮೇಲೂ ಕೊಡದಿಂದ ನೀರು ಸುರಿದು ಮತ್ತೆ ತೂಗಿದರು. ಕ್ಯಾನ್ವಾಸು ನೀರು ಕುಡಿದು ಕೋಣನ ಭಾರವಾಯಿತು. ರಬ್ಬರಿನದರೊಳಗೆ ಮಲಗಿ ನೋಡಿ, ಬೆವರಿ ಹೊರಬಂದರು. ನಾನು ಹೆಚ್ಚು ನೀರು ಕುಡಿದಿರಲಿಲ್ಲ. ನನ್ನ ಹೊಲಿಗೆಯನ್ನು ಉಗುರಿನಿಂದ ಕೆರೆದು ಕೆರೆದು, ಕೊನೆಗೂ ಹೆಗಲಿಗೇರಿಸಿಕೊಂಡರು.

ಇಷ್ಟೆಲ್ಲ ಪಡಿಪಾಟಲು ಯಾಕೆಂದು ನನಗೆ ತಿಳಿದದ್ದು ಮನೆಗೆ ಹೋದ ಮೇಲೆ. ಮಾಸ್ತರಿಗೆ ಇಪ್ಪತ್ತು ವರ್ಷಗಳ ಬೇಟೆಯ ಜೊತೆಗಾರ ತಿಪ್ಪಣ್ಣ ನಾಯಕ, ತಂಬಾಕಿನ ಅಂಗಡಿಯವನು. ಅವನ ಗುರಿ ತಪ್ಪಿದ್ದನ್ನು ಕಂಡವರಿರಲಿಲ್ಲ. ಹಿಂದಿನ ಸಲ ಜೋಯಿಡಾ ಕಾಡಿನ ಏರಿನಲ್ಲಿ ಮಾಸ್ತರಿಗೆ ದಮ್ಮು ಹತ್ತಿ ಅಲ್ಲಲ್ಲಿ ಕೂತಿದ್ದರಂತೆ. ವಾಪಸು ಬರುವಾಗ ತಿಪ್ಪಣ್ಣ, "ಮುಂದಿನ ಸಲ ಯಾರರೆ ಹರೇದ ಹುಡುಗನ್ನ ಕರಕೊಂಡು ಹೋಗೂಣು," ಎಂದಿದ್ದ.

"ಅಂದ್ರ ನನ್ನ ಕೈ ಬಿಡಾವ ಅದಾನ ಅವ," ಎಂದು ಮಾಸ್ತರು ಹೆಂಡತಿ ಸುಂದರಾಬಾಯಿಗೆ ಹೇಳಿದರು. "ಭಾರ ಕಡಿಮಿ ಆದ್ರ ಅವನಕಿಂತ ಮೊದಲ ಏರಿ ತೋರಸತೇನಿ."

ಬಿಳಿ ಬಟ್ಟೆ ಕಂಡರೆ ಬೇಟೆ ಹತ್ತಿರ ಸುಳಿಯುವುದಿಲ್ಲವಲ್ಲ, ಅದಕ್ಕೆ ಮಾಸ್ತರು ಹಂಡೆಯಲ್ಲಿ ಎಲೆಯಡಿಕೆಯ ಕಾಚು ಕುದಿಸಿ ನನ್ನನ್ನು ಅದ್ದಿದರು. ಸುಂದರಾಬಾಯಿ, "ನನ್ನ ಹಂಡೆ ಹಾಳ ಮಾಡಿದ್ರಿ!" ಎಂದು ಬೈದರು. ನನ್ನನ್ನು ಹಗ್ಗದ ಮೇಲೆ ಹರವಿದಾಗ ಮತ್ತೆ ಹೊರಬಂದು ನೋಡಿ, "ಅಯ್ಯ, ಇದೇನ್ರಿ ಕಡವಿ ಚರ್ಮ ಒಣಗಹಾಕಿದಂಗ ಕಾಣತೈತಿ," ಎಂದರು. ಮಾಸ್ತರು ಹೆಮ್ಮೆಯಿಂದ ಮೀಸೆ ತಿರುವಿದರು. ಕಡವೆಯ ಬೇಟೆಗೆ ಕಡವೆಯ ಬಣ್ಣದ ಡೇರೆ! ನನಗೆ ಆಗಲೇ ಯಾಕೋ ಸರಿಬರಲಿಲ್ಲ.

ಕಾಡಿಗೆ ಹೋದ ದಿನ ತಿಪ್ಪಣ್ಣ ಸಂಜೆಯೇ ನೀರಿನ ಹೊಂಡದ ಹತ್ತಿರ ಹೊಂಚು ಕೂರಲು ಇಳಿದುಹೋದ. ಮಾಸ್ತರು ಪ್ರತಿ ವರ್ಷದ ಜಾಗ ಬಿಟ್ಟು, ತಮ್ಮ ಜಾಣತನ ತೋರಿಸಲು ಗಾಳಿ ನೋಡಿ ಬೇರೆ ಕಡೆ ನನ್ನನ್ನು ಹೂಡಿದರು. ಬೆಳಗಿನ ಮಂಜಿನಲ್ಲಿ ಎದ್ದು ತಂಬಿಗೆ ಹಿಡಿದು ಹಳ್ಳದ ಕಡೆ ನಡೆದರು, ಬಾಗಿಲ ಬಟ್ಟೆ ಕಟ್ಟುವುದನ್ನು ಮರೆತರು. ಅದು ಗಾಳಿಗೆ ಅಲ್ಲಾಡುತ್ತಿತ್ತು. ಹಿಂದಿರುಗುತ್ತಿದ್ದ ತಿಪ್ಪಣ್ಣ ಕೆಳಗಿನ ಇಳುಕಲಿನಲ್ಲಿ ನಿಂತ. ಕಲ್ಲೆಸೆದರೆ ತಾಗುವಷ್ಟು ದೂರ. ಬಂದೂಕು ಎತ್ತಿದ. ಢಂ!

ಗುಂಡು ನನ್ನನ್ನು ತೂರಿ ಹೋಯಿತು, ಮಾಸ್ತರು ತಲೆಯಿಟ್ಟು ಮಲಗಿದ್ದ ಜಾಗದ ಮೇಲೆಯೇ.

ಮಾಸ್ತರು ಓಡಿ ಬಂದರು. ತೂತಿನೊಳಗೆ ಬೆರಳು ಹಾಕಿ ನೋಡಿದರು. ತಿಪ್ಪಣ್ಣನ ಮುಖ ಬಿಳಿಚಿಹೋಗಿತ್ತು.

"ಕಡವಿ ಅಂತ ತಿಳಕೊಂಡೆ, ಮಾಸ್ತರ."

"ಕಡವಿಗೆ ಹಗ್ಗ ಕಟ್ಟಿ ಗೂಟ ಹೊಡದಿರತಾರೇನೋ ತಿಪ್ಪಣ್ಣ?"

ತಿಪ್ಪಣ್ಣ ತಲೆ ತಗ್ಗಿಸಿ ಬಂದೂಕು ಕೆಳಗಿಟ್ಟ. ಊರು ಮುಟ್ಟುವ ತನಕ ಮಾಸ್ತರು ಅವನನ್ನು ಮುಂದೆ ಬಿಟ್ಟುಕೊಂಡೇ ನಡೆದರು. ನಾನಂತೂ ತೀರ್ಮಾನ ಮಾಡಿಬಿಟ್ಟಿದ್ದೆ. ಹಾರುವ ಹಕ್ಕಿಯನ್ನು ಹೊಡೆಯುವವನಿಗೆ ಇಷ್ಟು ಹತ್ತಿರದ ಡೇರೆ ಕಾಣಲಿಲ್ಲವೆಂದರೆ ಯಾರು ಒಪ್ಪುತ್ತಾರೆ? ಬೇಕೆಂದೇ ಹೊಡೆದಿದ್ದಾನೆ, ಕಳ್ಳ!

ಮಾಸ್ತರೂ ಹಾಗೆಯೇ ಎಣಿಸಿದರು. ಸುಂದರಾಬಾಯಿ ತೂತಿಗೆ ತೇಪೆ ಹಾಕಲು ಸೂಜಿ ತಂದರೆ, "ಮುಟ್ಟಬ್ಯಾಡ, ಅದು ಸಾಕ್ಷಿ," ಎಂದು ಗದರಿದರು. ಪೊಲೀಸರಿಗೂ ಕೊಡಲಿಲ್ಲ, ಮನಸ್ಸಿನಿಂದಲೂ ತೆಗೆಯಲಿಲ್ಲ. ತಿಪ್ಪಣ್ಣನ ಅಂಗಡಿಯ ಬೀದಿ ತಪ್ಪಿಸಿ ಶಾಲೆಗೆ ಸುತ್ತುಬಳಸಿ ಹೋಗುತ್ತಿದ್ದರು. ಊಟ ಸೇರುತ್ತಿರಲಿಲ್ಲ. ಆಗಾಗ ನನ್ನನ್ನು ಬಿಚ್ಚಿ ತೂತು ನೋಡಿ, "ಇಪ್ಪತ್ತ ವರ್ಷಾತಲ್ಲೋ," ಎಂದು ಗೊಣಗಿ ಮಡಚುತ್ತಿದ್ದರು. ಪಾಪ, ಅವರಿಗೆ ಗುಂಡಿಗಿಂತ ಅದೇ ಹೆಚ್ಚು ನೋಯುತ್ತಿತ್ತು.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ತಿಪ್ಪಣ್ಣನೇ ಮನೆಗೆ ಬಂದ. ನಾನು ಅಂಗಳದಲ್ಲಿ ಬಿಸಿಲಿಗೆ ಹರವಿಕೊಂಡು ಬಿದ್ದಿದ್ದೆ.

"ಮಾಸ್ತರ, ಆ ಡೇರೆ ನನಗ ಕೊಡ್ರಿ. ತೇಪಿ ಹಚ್ಚಿಸಿ ಕೊಡತೇನಿ."

ನೋಡಿದಿರಾ, ಸಾಕ್ಷಿ ಅಳಿಸಲು ಬಂದ ಎಂದುಕೊಂಡೆ. ಮಾಸ್ತರು ಕಂಬಕ್ಕೆ ಒರಗಿ, "ತೂತು ಎಲ್ಲೈತಿ ಅಂತ ನಿನಗ ಗೊತ್ತೈತಲ್ಲ, ನೋಡ್ಕೋ," ಎಂದರು.

ತಿಪ್ಪಣ್ಣ ಕುಕ್ಕರಗಾಲಲ್ಲಿ ಕೂತು ನನ್ನ ಮೇಲೆ ಅಂಗೈ ಆಡಿಸಿದ. ಸುಡುವ ಬಿಸಿಲು, ತೂತು ಅವನ ಮೊಣಕಾಲ ಮುಂದೆಯೇ ಇತ್ತು. ಅವನ ಬೆರಳು ಅದರ ಪಕ್ಕದಲ್ಲೇ ಹಾದುಹೋಯಿತು, ಹೊಲಿಗೆ ಹಿಡಿದು ತಡಕಿತು, ಮತ್ತೆ ಹಿಂದೆ ಬಂತು. ನನ್ನ ಮೈಮೇಲೆಯೇ ಅಲ್ಲವೇ, ನನಗೆ ಗೊತ್ತಾಗದೆ ಇರುತ್ತದೆಯೇ? ಅವನು ನೋಡುತ್ತಿರಲಿಲ್ಲ, ಹುಡುಕುತ್ತಿದ್ದ.

ಮಾಸ್ತರು ಕಂಬ ಬಿಟ್ಟು ಬಂದು ಎದುರು ಕೂತರು.

"ಯಾವಾಗಿಂದೋ ಇದು?"

"ಎರಡ ವರ್ಷಾತು," ಎಂದ ತಿಪ್ಪಣ್ಣ. "ಎಲ್ಲಾ ಮಬ್ಬ ಮಬ್ಬ. ಹುಡುಗನ್ನ ಕರಕೊಳ್ಳೂಣು ಅಂದದ್ದು ನನ್ನ ಕಣ್ಣಿನ ಸಲುವಾಗಿ, ನಿಮ್ಮ ದಮ್ಮಿಗಲ್ರಿ. ಹೇಳಿದ್ರ ನೀವು ನನ್ನ ಬಿಟ್ಟು ಹೋಗತೀರಿ ಅಂತ ಅಂಜಿದ್ದೆ."

ಮಾಸ್ತರು ಅವನ ಬೆರಳು ಹಿಡಿದು ತೂತಿನ ಮೇಲೆ ಇಟ್ಟರು. ಆಮೇಲೆ, "ನನಗ ದಮ್ಮ ಹತ್ತತೈತೋ," ಎಂದು ಸಣ್ಣ ದನಿಯಲ್ಲಿ ಹೇಳಿ ಅತ್ತೇಬಿಟ್ಟರು. ಒಳಗಿನಿಂದ ಬಂದ ಸುಂದರಾಬಾಯಿ ಇಬ್ಬರನ್ನೂ ನೋಡಿ, ಏನೂ ಕೇಳದೆ ಚಹಾ ಇಡಲು ಹೋದರು.

ಬಂದೂಕುಗಳನ್ನು ಇಬ್ಬರೂ ಮಾರಿದರು. ಮುಂದೆ ಕಾನೂನು ಬಂದು ಬೇಟೆಯೇ ನಿಂತುಹೋಯಿತು. ನನ್ನ ಕಾಚಿನ ಬಣ್ಣ ಬಿಸಿಲಿಗೆ ಹಾರಿಹೋಯಿತು. ಈಗ ನಾನು ಮಾಸ್ತರ ಹಿತ್ತಲಲ್ಲಿ ಬೇವಿನ ಮರಕ್ಕೂ ಗೋಡೆಗೂ ಕಟ್ಟಿದ ಚಪ್ಪರ. ದಿನಾ ಸಂಜೆ ಇಬ್ಬರೂ ನನ್ನ ಕೆಳಗೆ ಕೂರುತ್ತಾರೆ. ತಿಪ್ಪಣ್ಣನಿಗೆ ಈಗ ಏನೂ ಕಾಣುವುದಿಲ್ಲ.

ಮೊನ್ನೆ ಅವನು ಇದ್ದಕ್ಕಿದ್ದಂತೆ ಕೇಳಿದ: "ಮಾಸ್ತರ, ಅವತ್ತು ನೀವು ಒಳಗ ಮಲಗಿದ್ರ ಏನಾಗತಿತ್ತು?"

ಮಾಸ್ತರು ತಲೆಯೆತ್ತಿ ನನ್ನನ್ನು ನೋಡಿದರು.

"ಸಾಯೂದೇನು ದೊಡ್ಡದಲ್ಲೋ. ಆದ್ರ ನೀ ಬೇಕಂತ ಹೊಡದಿ ಅಂತ ತಿಳಕೊಂಡು ಸಾಯತಿದ್ದೆ. ಅದನ್ನ ನೆನಸಿದ್ರ ಈಗೂ ಎದಿ ನಡಗತೈತಿ."

ತಿಪ್ಪಣ್ಣ ಕೈ ಚಾಚಿದ. ಮಾಸ್ತರ ಭುಜ ಎಲ್ಲಿದೆ ಎಂದು ಅವನು ತಡಕಬೇಕಾಗಲಿಲ್ಲ.